ಒಂದು ಸಂಜೆಗೆ ಮೂರೇ ಪ್ಲೇಟು

ಸಂಗ್ರಾಹಕರ ಮನೆಯಲ್ಲಿ ಹೆಚ್ಚಾಗಿ ಆಗುವುದು ಹೀಗೆ. ಕಪಾಟಿನಿಂದ ಒಂದಾದ ಮೇಲೊಂದು ಪ್ಲೇಟು ಹೊರಬರುತ್ತದೆ, ಎರಡು ನಿಮಿಷ ಕೇಳಿಸುವಷ್ಟರಲ್ಲಿ ಇನ್ನೊಂದು ನೆನಪಾಗುತ್ತದೆ. ಕೊನೆಗೆ ಎದ್ದು ಹೋಗುವವರ ಕಿವಿಯಲ್ಲಿ ಒಂದೂ ಉಳಿದಿರುವುದಿಲ್ಲ. ಪ್ರೀತಿಯ ಸಂಗೀತವನ್ನು ಹಂಚಿಕೊಳ್ಳಲೂ ಸಿದ್ಧತೆ ಬೇಕು.

ಮೊದಲು ಆಯ್ಕೆ. ಮೂರು ಪ್ಲೇಟು ಸಾಕು, ಆದರೆ ಅವುಗಳ ನಡುವೆ ನಂಟಿರಲಿ. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಅವರು ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಅನ್ನು 1955ರಲ್ಲಿ ಒಮ್ಮೆ, 1981ರಲ್ಲಿ ಮತ್ತೊಮ್ಮೆ ನುಡಿಸಿ ಮುದ್ರಿಸಿದರು. ಎರಡರಿಂದಲೂ ಆರಂಭದ ಆರಿಯಾ ಮಾತ್ರ ಕೇಳಿಸಿ. ಮೊದಲಿನದು ಎರಡು ನಿಮಿಷದೊಳಗೆ ಮುಗಿಯುತ್ತದೆ, ನಂತರದ್ದು ಮೂರು ನಿಮಿಷ ಹಿಡಿಯುತ್ತದೆ. ಅದೇ ಸ್ವರಗಳು, ಅದೇ ಕೈ, ನಡುವೆ 26 ವರ್ಷ. ವಿಳಂಬ ಖಯಾಲಿಗೆ ಒಗ್ಗಿದ ನಮ್ಮ ಕಿವಿಗೆ ಎರಡನೆಯದೇ ಹೆಚ್ಚು ಆಪ್ತ ಎಂಬುದು ನನ್ನ ಅನುಭವ. ಇವೆರಡೂ ಮುದ್ರಣವಾದದ್ದು ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೊದಲ್ಲಿ. ಜಾಝ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ 1959ರಲ್ಲಿ ಮುದ್ರಣವಾದದ್ದೂ ಅಲ್ಲೇ. ಮೂರನೆಯ ಪ್ಲೇಟು ಅದಾಗಲಿ. ಒಂದೇ ಸ್ವರಶ್ರೇಣಿಯಲ್ಲಿ ನಿಂತು ವಿಸ್ತರಿಸುವ ಅದರ ರೀತಿ ರಾಗ ಬಲ್ಲವರಿಗೆ ಪರಕೀಯ ಎನಿಸದು.

ಜಾಝ್ ಎಂದರೆ ಹಿಂದೆ ಸರಿಯುವ ಕರ್ನಾಟಕ ಸಂಗೀತದ ಗೆಳೆಯರಿದ್ದರೆ ‘ಜ್ಯೋತಿ’ಯಿಂದ ಶುರುಮಾಡಿ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ 1983ರಲ್ಲಿ ಮಾಡಿದ ಆಲ್ಬಂ ಇದು. ಆರ್.ಎ. ರಮಾಮಣಿಯವರ ಕಂಠ, ಟಿ.ಎ.ಎಸ್. ಮಣಿಯವರ ಮೃದಂಗ. ಸ್ಯಾಕ್ಸೊಫೋನ್‌ನಲ್ಲಿ ಕದ್ರಿ ಗೋಪಾಲನಾಥರು ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಡನೆ ನುಡಿಸಿದ ‘ಕಿನ್ಸ್‌ಮೆನ್’ (2008) ಕೂಡ ಒಳ್ಳೆಯ ಹೊಸ್ತಿಲು.

ಹೆಸರಿನ ಜೊತೆಗೆ ಯಾವ ಮುದ್ರಣ ಎಂಬುದನ್ನೂ ಹೇಳಿ. ‘ಕೈಂಡ್ ಆಫ್ ಬ್ಲೂ’ ಮುದ್ರಣದ ಮೊದಲ ದಿನ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ಓಡಿಸಿದಾಗ ಪ್ಲೇಟಿನ ಮೊದಲ ಬದಿ ದಶಕಗಳ ಕಾಲ ನಿಜದ ಶ್ರುತಿಗಿಂತ ಸ್ವಲ್ಪ ಏರಿ ಕೇಳುತ್ತಿತ್ತು. 1992ರ ಮರುಮುದ್ರಣದಲ್ಲಿ ಅದನ್ನು ಸರಿಪಡಿಸಿದರು. ಜೊತೆಗೆ ನುಡಿಸಲು ಕೂತವರಿಗೆ ಈ ವ್ಯತ್ಯಾಸ ದೊಡ್ಡದು. ಕೊನೆಯ ಗೀರಿಗೂ ಲೇಬಲ್ಲಿಗೂ ನಡುವಿನ ನುಣುಪು ಜಾಗದಲ್ಲಿ ಕೊರೆದಿರುವ ಅಂಕಿಗಳನ್ನು ಬರೆದಿಟ್ಟುಕೊಂಡರೆ ಮುದ್ರಣ ಗುರುತಿಸುವುದು ಸುಲಭ.

ಇನ್ನು ಶುಚಿ. ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ. ಎಲ್‌ಪಿಯನ್ನು ಮೆತ್ತನೆಯ ಬಟ್ಟೆಯಿಂದ ಗೀರಿನ ಸುತ್ತಿಗೇ ಒರೆಸಿ, ಅಡ್ಡ ಒರೆಸಬೇಡಿ. 78ರ ವೇಗದ ಹಳೆಯ ಪ್ಲೇಟಿಗೆ ಸ್ಪಿರಿಟ್ ತಾಗಿಸಲೇಬೇಡಿ. ಅದು ಅರಗಿನದು. ಬಡಗಿಗಳು ಪಾಲಿಶಿಗೆ ಅರಗನ್ನು ಕರಗಿಸುವುದು ಸ್ಪಿರಿಟ್‌ನಲ್ಲೇ! 78ರ ಗೀರು ಅಗಲವಾದ್ದರಿಂದ ಅದಕ್ಕೆ ಬೇರೆಯೇ ಮುಳ್ಳು ಬೇಕು. ಎಲ್‌ಪಿ ಮುಳ್ಳು ಗೀರಿನ ತಳಕ್ಕಿಳಿದು ಬರೀ ಕರಕರ ಕೇಳಿಸುತ್ತದೆ. ಗೆಳೆಯರ ಮನೆಗೆ ಒಯ್ಯುವಾಗ ಪ್ಲೇಟುಗಳನ್ನು ನಿಲ್ಲಿಸಿಡಿ, ಬಿಸಿಲಿನ ಕಾರಿನಲ್ಲಿ ಬಿಟ್ಟು ಹೋದರೆ ಬಾಗುತ್ತವೆ.

ಕೇಳಿಸುವಾಗ ಮುನ್ನುಡಿ ಎರಡು ಮಾತಿನಲ್ಲಿ ಮುಗಿಯಲಿ. ಯಾರು, ಯಾವಾಗ, ನಿಮಗೇಕೆ ಇಷ್ಟ, ಅಷ್ಟೇ. ಮುಳ್ಳು ಇಳಿದ ಮೇಲೆ ‘ಈಗ ಬರುತ್ತೆ ನೋಡಿ’ ಎಂದು ತಟ್ಟಿ ಹೇಳಬೇಡಿ. ಆ ಜಾಗವನ್ನು ತಾನೇ ಕಂಡುಕೊಳ್ಳುವ ಸುಖ ಕೇಳುಗನದು. ಕೇಳಿಸುವ ಭಾಗ ಪೂರ್ತಿ ಮುಗಿದ ಮೇಲೆ ಮಾತಾಡಿ.

ಎರವಲು ಕೊಟ್ಟರೆ ದಿನಾಂಕ ಬರೆದಿಡಿ. ಪ್ರತಿ ಮಾಡಿ ಹಂಚುವ ಮುನ್ನ ಹಕ್ಕಿನ ವಿಚಾರ ತಿಳಿದಿರಲಿ. ನಮ್ಮ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ, ರಚನಕಾರರ ಹಕ್ಕು ಬೇರೆ. ಅವಧಿ ಮುಗಿದ ಹಳೆಯ ಪ್ಲೇಟನ್ನು ಕಂಪ್ಯೂಟರಿಗೆ ಇಳಿಸುವಾಗ ಧ್ವನಿ ನಷ್ಟವಾಗದ ಫ್ಲ್ಯಾಕ್ ರೂಪದಲ್ಲಿಡಿ, ಎಂಪಿ3 ಬೇಡ. ಕಡತದ ಹೆಸರಿನಲ್ಲಿ ರಾಗ, ತಾಳ, ಪಕ್ಕವಾದ್ಯದವರು, ಪ್ಲೇಟಿನ ಸಂಖ್ಯೆ ಎಲ್ಲವೂ ಇರಲಿ. ತಬಲದವರ ಹೆಸರು ಬಿಟ್ಟುಹೋಗುವುದು ಇಂಥ ಪ್ರತಿಗಳಲ್ಲೇ.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪ್ಲೇಟುಗಳಿದ್ದರೆ ಗುಜರಿಗೆ ಹಾಕುವ ಮೊದಲು ಸಂಗೀತ ಬಲ್ಲ ಒಬ್ಬರಿಗಾದರೂ ತೋರಿಸಿ. 78ರ ಕಾಲದ ಎಷ್ಟೋ ಹಾಡಿಕೆಗಳು ಮರುಮುದ್ರಣವನ್ನೇ ಕಂಡಿಲ್ಲ.