ನಮ್ಮ ಲೆಕ್ಕ ಎಲ್ಲಿ ಕುಳಿತಿದೆ? – ಕಂಪ್ಯೂಟರಿನ ಭಾಗಗಳನ್ನು ತಿಳಿಯೋಣ



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಒಂದು ಒಕ್ಕೂಟದ ಕಚೇರಿಯಲ್ಲಿ ಕಂಪ್ಯೂಟರ್ ಕೆಟ್ಟುಹೋಯಿತು. ರಿಪೇರಿಯವರನ್ನು ಕರೆಸಿದೆವು. ಅವರು ಡಬ್ಬವನ್ನು ಹೊತ್ತುಕೊಂಡು ಹೋಗಿ ನಾಲ್ಕು ದಿನ ಬಿಟ್ಟು ತಂದುಕೊಟ್ಟರು. ಪರದೆಯೇನೋ ಚೆನ್ನಾಗಿ ಬೆಳಗಿತು. ಆದರೆ ಹದಿನಾಲ್ಕು ಸಂಘಗಳ ಎರಡು ವರ್ಷದ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಒಂದೂ ಅದರಲ್ಲಿ ಇರಲಿಲ್ಲ. "ಹಾರ್ಡ್ ಡಿಸ್ಕ್ ಹೋಗಿತ್ತು ಸಿಸ್ಟರ್, ಹೊಸದು ಹಾಕಿದ್ದೀವಿ" ಎಂದರು. "ಹಳೇದು ಎಲ್ಲಿ?" ಎಂದು ಕೇಳಲು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಮರುವಾರ ತೋಚಿ ಕೇಳುವಷ್ಟರಲ್ಲಿ ಅದು ಗುಜರಿಗೆ ಹೋಗಿತ್ತು.

ಲೆಕ್ಕ ಬರೆಯುತ್ತಿದ್ದ ಹುಡುಗಿಯ ಮೇಲೆ ಅನುಮಾನ ಬಂತು. "ಅವಳೇ ಬೇಕಂತ ಅಳಿಸಿರಬೇಕು" ಎಂಬ ಮಾತು ಹುಟ್ಟಿತು. ಪುಣ್ಯಕ್ಕೆ ಸಂಘಗಳಲ್ಲಿ ಕೈಬರಹದ ಪುಸ್ತಕಗಳು ಇದ್ದವು. ಮೂರು ವಾರ ಕುಳಿತು ಎಲ್ಲವನ್ನೂ ಮತ್ತೆ ಬರೆದೆವು; ಒಂದು ರೂಪಾಯಿಯೂ ಹೆಚ್ಚುಕಡಿಮೆ ಇರಲಿಲ್ಲ. ನಾವು ಅವಳ ಮನೆಗೆ ಹೋಗಿ ತಪ್ಪಾಯಿತು ಎಂದೆವು. ಚಹಾ ಕೊಟ್ಟಳು, ಕೆಲಸಕ್ಕೆ ಮಾತ್ರ ಮತ್ತೆ ಬರಲಿಲ್ಲ. ತಪ್ಪು ಅವಳದಲ್ಲ. ಡಬ್ಬದೊಳಗೆ ಏನಿದೆ ಎಂದು ತಿಳಿಯದೆ, ಅಷ್ಟು ಜನರ ಲೆಕ್ಕವನ್ನು ಚೀಟಿಯೂ ಇಲ್ಲದೆ ಕಳುಹಿಸಿಕೊಟ್ಟವರು ನಾವು. ಆದ್ದರಿಂದ ಈ ಪಾಠ.

ಹೊರಗೆ ಕಾಣುವ ಭಾಗಗಳು

ಕಂಪ್ಯೂಟರಿನಲ್ಲಿ ಕೈಗೆ ಮುಟ್ಟಲು ಸಿಗುವುದೆಲ್ಲ ಹಾರ್ಡ್‌ವೇರ್. ಅದಕ್ಕೆ ಕೆಲಸ ಹೇಳಿಕೊಡುವ ಸೂಚನೆಗಳು ಸಾಫ್ಟ್‌ವೇರ್. ಹೊಲಿಗೆ ಯಂತ್ರ ಹಾರ್ಡ್‌ವೇರ್ ಎಂದುಕೊಂಡರೆ, ರವಿಕೆ ಕತ್ತರಿಸಿ ಹೊಲಿಯುವ ವಿದ್ಯೆ ಸಾಫ್ಟ್‌ವೇರ್ ಇದ್ದಂತೆ. ಒಂದಿಲ್ಲದೆ ಇನ್ನೊಂದು ನಡೆಯದು.

ಕೀಬೋರ್ಡ್ ಮತ್ತು ಮೌಸ್ ಮೂಲಕ ನಾವು ಕಂಪ್ಯೂಟರಿಗೆ ವಿಷಯ ಕೊಡುತ್ತೇವೆ. ಮಾನಿಟರ್ ಅಂದರೆ ಪರದೆ, ಮತ್ತು ಪ್ರಿಂಟರ್ ಮೂಲಕ ಅದು ನಮಗೆ ತಿರುಗಿ ಕೊಡುತ್ತದೆ. ಒಂದು ಮಾತು ನೆನಪಿರಲಿ: ಇವುಗಳಲ್ಲಿ ಯಾವುದು ಕೆಟ್ಟರೂ ನಮ್ಮ ಲೆಕ್ಕ ಹೋಗುವುದಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಪರದೆ ಒಡೆದರೆ ಬೇರೆ ಪರದೆ ಜೋಡಿಸಿದರೆ ಆಯಿತು.

ಡಬ್ಬದ ಒಳಗೆ

ಮೇಜಿನ ಕೆಳಗಿರುವ ಡಬ್ಬವನ್ನು ಎಲ್ಲರೂ 'ಸಿಪಿಯು' ಎನ್ನುತ್ತೇವೆ. ನಿಜವಾಗಿ ಸಿಪಿಯು ಎಂದರೆ ಅದರೊಳಗಿನ ಒಂದು ಚಿಕ್ಕ ಚಿಪ್ ಮಾತ್ರ. ಒಳಗಿನದ್ದನ್ನು ನಮ್ಮ ವಾರದ ಸಭೆಗೆ ಹೋಲಿಸಿ ನೋಡೋಣ.

ಮದರ್‌ಬೋರ್ಡ್: ಇದು ಸಭೆ ಸೇರುವ ಜಗಲಿ. ಎಲ್ಲ ಭಾಗಗಳೂ ಈ ದೊಡ್ಡ ಹಲಗೆಗೆ ಜೋಡಣೆಯಾಗಿ, ಇದರ ಮೂಲಕವೇ ಒಂದಕ್ಕೊಂದು ಮಾತಾಡುತ್ತವೆ.

ಪ್ರೊಸೆಸರ್: ಇದೇ ನಿಜವಾದ ಸಿಪಿಯು. ಕೂಡುವ, ಕಳೆಯುವ, ಹೋಲಿಸುವ ಕೆಲಸ ಇದರದು. ಸಭೆಯಲ್ಲಿ ಲೆಕ್ಕ ಮಾಡುವ ಅಕ್ಕನ ಹಾಗೆ. ಕೆಲಸ ಮಾಡುವಾಗ ಬಿಸಿಯಾಗುವುದರಿಂದ ಮೇಲೊಂದು ಪುಟ್ಟ ಫ್ಯಾನ್ ಇರುತ್ತದೆ. ಅದಕ್ಕೆ ಧೂಳು ತುಂಬಿದರೆ ಕಂಪ್ಯೂಟರ್ ನಿಧಾನವಾಗುತ್ತದೆ, ಅಥವಾ ತಾನಾಗಿ ಆಫ್ ಆಗುತ್ತದೆ.

ರ‍್ಯಾಮ್: ಇದು ಅಕ್ಕನ ಕೈಯಲ್ಲಿರುವ ಸ್ಲೇಟು. ಈಗ ಮಾಡುತ್ತಿರುವ ಕೆಲಸ ಇದರ ಮೇಲೆ ಇರುತ್ತದೆ. ಕರೆಂಟು ಹೋದ ಕೂಡಲೇ ಸ್ಲೇಟು ಒರೆಸಿದ ಹಾಗೆ ಎಲ್ಲ ಅಳಿಸಿಹೋಗುತ್ತದೆ.

ಹಾರ್ಡ್ ಡಿಸ್ಕ್: ಇದು ಪುಸ್ತಕಗಳನ್ನಿಡುವ ಟ್ರಂಕು. ಕರೆಂಟು ಇರಲಿ ಬಿಡಲಿ, ಇಲ್ಲಿಟ್ಟದ್ದು ಉಳಿಯುತ್ತದೆ. 'ಸೇವ್' ಮಾಡುವುದು ಎಂದರೆ ಸ್ಲೇಟಿನಲ್ಲಿದ್ದುದನ್ನು ಪುಸ್ತಕಕ್ಕೆ ಬರೆದು ಟ್ರಂಕಿನಲ್ಲಿಡುವುದು. ಹಳೆಯ ಮಾದರಿಯ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓಡುತ್ತಿರುವಾಗ ಡಬ್ಬಕ್ಕೆ ಪೆಟ್ಟು ಬಿದ್ದರೆ ತಟ್ಟೆ ಗೀರಿಹೋಗಬಹುದು. ಈಗ ಬರುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ವೇಗವೂ ಹೆಚ್ಚು. ಆದರೆ ಅದೂ ಒಂದು ದಿನ ಕೆಡಬಹುದು.

ಎಸ್‌ಎಂಪಿಎಸ್: ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆ ಹಂಚುವ ಪೆಟ್ಟಿಗೆ. ಪ್ಲಗ್ ತೆಗೆದ ಮೇಲೂ ಇದರೊಳಗೆ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಇದನ್ನು ಮಾತ್ರ ಎಂದೂ ಬಿಚ್ಚಬೇಡಿ.

ಹೊರಗಿರುವ ಯುಪಿಎಸ್ ಕರೆಂಟು ಹೋದಾಗ ಕೆಲವು ನಿಮಿಷ ಕಂಪ್ಯೂಟರನ್ನು ನಡೆಸುತ್ತದೆ. ಅದು ಕೆಲಸ ಮುಂದುವರಿಸುವುದಕ್ಕಲ್ಲ. ಸೇವ್ ಮಾಡಿ, ಸರಿಯಾಗಿ ಮುಚ್ಚುವುದಕ್ಕೆ.

ಅಳತೆ ಹೇಗೆ?

ಅಕ್ಕಿಗೆ ಕಿಲೋ ಇದ್ದಂತೆ ಇಲ್ಲಿ ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ 1 ಬೈಟ್ ಜಾಗ ಸಾಕು. ಯುನಿಕೋಡ್ ಕನ್ನಡದಲ್ಲಿ 'ಕ' ಎಂದು ಬರೆದರೆ ಹೆಚ್ಚಾಗಿ 3 ಬೈಟ್, 'ಕಾ' ಎಂದರೆ 6 ಬೈಟ್ ಹಿಡಿಯುತ್ತದೆ. 1024 ಬೈಟ್ ಸೇರಿದರೆ 1 ಕೆಬಿ, 1024 ಕೆಬಿಗೆ 1 ಎಂಬಿ, 1024 ಎಂಬಿಗೆ 1 ಜಿಬಿ. ಅಂದರೆ 1 ಜಿಬಿಯಲ್ಲಿ ಸುಮಾರು 107 ಕೋಟಿ ಬೈಟ್. ಬರೀ ಬರಹ, ಅಂಕಿಗಳಾದರೆ ಹದಿನಾಲ್ಕು ಸಂಘಗಳ ಲೆಕ್ಕ ಒಂದು ಸಣ್ಣ ಪೆನ್ ಡ್ರೈವಿನ ಮೂಲೆಯಲ್ಲಿ ಹಿಡಿಸುತ್ತದೆ.

ನಿಮ್ಮ ಮೊಬೈಲಿನಲ್ಲೂ ಇದೇ ಲೆಕ್ಕ. ಅಂಗಡಿಯವರು "4 ಜಿಬಿ, 64 ಜಿಬಿ" ಎಂದರೆ ಸ್ಲೇಟು 4 ಜಿಬಿ, ಟ್ರಂಕು 64 ಜಿಬಿ ಎಂದರ್ಥ.

ಇದೆಲ್ಲ ಗಂಡಸರ ವಿದ್ಯೆಯೇ?

"ನಮಗ್ಯಾಕೆ ಸಿಸ್ಟರ್, ಅದು ಗಂಡು ಹುಡುಗರ ಕೆಲಸ" ಎಂದು ಕೆಲವರು ಹೇಳುವುದುಂಟು. 1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಕೋಣೆ ತುಂಬುವ ಕಂಪ್ಯೂಟರನ್ನು ಜನರ ಮುಂದಿಟ್ಟಾಗ, ಅದಕ್ಕೆ ಕೆಲಸ ಹೇಳಿಕೊಡುತ್ತಿದ್ದವರು ಆರು ಮಂದಿ ಹೆಂಗಸರು. 1969ರಲ್ಲಿ ಮನುಷ್ಯನನ್ನು ಚಂದ್ರನ ಮೇಲಿಳಿಸಿದ ಅಪೊಲೊ ನೌಕೆಯ ಕಂಪ್ಯೂಟರಿಗೆ ಬೇಕಾದ ಸೂಚನೆಗಳನ್ನು ತೆಳು ತಂತಿಗಳಲ್ಲಿ ನೇಯ್ದಿಡಲಾಗಿತ್ತು. ತಂತಿ ಪುಟ್ಟ ಬಳೆಯೊಳಗೆ ಹಾದುಹೋದರೆ ಒಂದು, ಹೊರಗೆ ಹೋದರೆ ಸೊನ್ನೆ. ಕಾರ್ಖಾನೆಯಲ್ಲಿ ಕುಳಿತು ಮಣಿ ಪೋಣಿಸುವ ಹಾಗೆ ಅದನ್ನು ನೇಯ್ದವರೂ ಹೆಂಗಸರೇ.

ಕೆಟ್ಟಾಗ ಏನು ಮಾಡಬೇಕು?

ಮೊದಲು ನಾವೇ ನೋಡೋಣ. ಪ್ಲಗ್ ಸಡಿಲವಾಗಿದೆಯೇ? ಯುಪಿಎಸ್ ಆನ್ ಆಗಿದೆಯೇ? ಪರದೆಯ ವೈರು ಕಳಚಿದೆಯೇ? ಆನ್ ಮಾಡಿದಾಗ ಬೀಪ್ ಬೀಪ್ ಎಂದು ಸದ್ದು ಬರುತ್ತದೆಯೇ? ಹಾಗೆ ಬಂದು ಪರದೆ ಕಪ್ಪಗಿದ್ದರೆ ಎಷ್ಟೋ ಸಲ ರ‍್ಯಾಮ್ ಜಾಗದಿಂದ ಸ್ವಲ್ಪ ಸರಿದಿರುತ್ತದೆ, ಅಷ್ಟೇ. ಗೊತ್ತಿದ್ದವರು ತೆಗೆದು, ಒರೆಸಿ, ಕೂರಿಸಿದರೆ ಸಾಕಾಗಬಹುದು.

ರಿಪೇರಿಗೆ ಕೊಡಲೇಬೇಕಾದರೆ:

1. ಪ್ರತಿ ತಿಂಗಳ ಲೆಕ್ಕ ಮುಗಿದ ದಿನವೇ ಪೆನ್ ಡ್ರೈವಿಗೆ ಒಂದು ನಕಲು ಮಾಡಿಡಿ. ಅದನ್ನು ಅದೇ ಮೇಜಿನ ಡ್ರಾಯರಿನಲ್ಲಿ ಇಡಬೇಡಿ. ಬೇರೆ ಕಡೆ ಇರಲಿ.
2. ಕೊಡುವಾಗ ಚೀಟಿ ಬರೆಸಿ. ಹಾರ್ಡ್ ಡಿಸ್ಕ್ ಯಾವ ಕಂಪನಿಯದು, ಎಷ್ಟು ಜಿಬಿ, ಅದರ ಮೇಲಿನ ನಂಬರ್ ಏನು, ರ‍್ಯಾಮ್ ಎಷ್ಟು ಎಂಬುದು ಅದರಲ್ಲಿರಲಿ. ಮೊಬೈಲಿನಲ್ಲಿ ಫೋಟೊ ತೆಗೆದಿಡಿ.
3. "ನಮ್ಮನ್ನು ಕೇಳದೆ ಡಿಸ್ಕ್ ಬದಲಿಸಬೇಡಿ, ಏನೂ ಅಳಿಸಬೇಡಿ" ಎಂದು ಚೀಟಿಯಲ್ಲೇ ಬರೆಸಿ.
4. ಬದಲಿಸಿದ ಹಳೆಯ ಭಾಗ ವಾಪಸ್ ಕೇಳಿ, ಬಿಲ್ಲು ಪಡೆಯಿರಿ. ಕೆಟ್ಟ ಡಿಸ್ಕಿನಿಂದಲೂ ತಿಳಿದವರು ಕೆಲವೊಮ್ಮೆ ಲೆಕ್ಕ ಹೊರತೆಗೆಯುತ್ತಾರೆ.
5. ಹಳೆಯ ಡಿಸ್ಕನ್ನು ಹಾಗೇ ಗುಜರಿಗೆ ಹಾಕಬೇಡಿ. ನಾವು ಅಳಿಸಿದೆವು ಎಂದುಕೊಂಡದ್ದೂ ಒಳಗೆ ಉಳಿದಿರಬಹುದು. ಅದರಲ್ಲಿ ಸದಸ್ಯೆಯರ ಆಧಾರ್, ಬ್ಯಾಂಕ್ ಖಾತೆಯ ನಂಬರುಗಳಿರುತ್ತವೆ.

ಕಂಪ್ಯೂಟರ್ ಬಂತೆಂದು ಕೈಬರಹದ ಪುಸ್ತಕ ಬಿಡಬೇಡಿ. ಅಂದು ನಮ್ಮನ್ನು ಉಳಿಸಿದ್ದು ಅದೇ. ಲೆಕ್ಕ ಕಾಣೆಯಾದಾಗ ಮೊದಲು "ಯಾರು ಮಾಡಿದರು?" ಎಂದು ಕೇಳಬೇಡಿ, "ಅದು ಎಲ್ಲಿ ಇತ್ತು?" ಎಂದು ಕೇಳಿ. ಆ ಒಂದು ಪ್ರಶ್ನೆ ಆ ದಿನ ಕೇಳಿದ್ದರೆ ಒಬ್ಬ ಹುಡುಗಿಯ ಕಣ್ಣೀರು ತಪ್ಪುತ್ತಿತ್ತು.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಲೆಕ್ಕ ಈಗ ಎಲ್ಲೆಲ್ಲಿ ಇದೆ? ಎಷ್ಟು ನಕಲುಗಳಿವೆ?
2. ಸ್ಲೇಟು ಯಾವುದು, ಟ್ರಂಕು ಯಾವುದು? ಒಬ್ಬೊಬ್ಬರಾಗಿ ನಿಮ್ಮ ಮಾತಿನಲ್ಲಿ ಹೇಳಿ.
3. ಮುಂದಿನ ತಿಂಗಳಿಂದ ನಕಲು ತೆಗೆದಿಡುವ ಹೊಣೆ ಯಾರದು? ನಿರ್ಣಯ ಪುಸ್ತಕದಲ್ಲಿ ಬರೆಯಿರಿ.