ಕಾರಣ ಹೇಳಬೇಡಿ, ದೂರು ಕೊಡಿ

ಅಪ್ಪ ತೀರಿಕೊಂಡ ಮೇಲೂ ಅವರ ಸಿಮ್ ಚಾಲ್ತಿಯಲ್ಲಿಡಬೇಕಾಯಿತು. ಬ್ಯಾಂಕು, ಗ್ಯಾಸು, ಪಿಂಚಣಿ ಎಲ್ಲಕ್ಕೂ ಅದೇ ನಂಬರ್, ಒಟಿಪಿ ಬರುವುದೂ ಅದಕ್ಕೇ. ಜೊತೆಗೆ ಬರುತ್ತಿದ್ದವು, ಸೈಟು, ಕ್ರೆಡಿಟ್ ಕಾರ್ಡು, ಲೋನು ಮಾರುವವರ ಕರೆಗಳು. ಅಪ್ಪನ ಹೆಸರು ಹಿಡಿದೇ ಕೇಳುತ್ತಿದ್ದರು. ಒಬ್ಬಳಿಗೆ ‘ಅವರು ತೀರಿಕೊಂಡಿದ್ದಾರೆ’ ಎಂದೆ. ‘ಸಾರಿ ಮೇಡಂ’ ಅಂದವಳು ಅದೇ ಉಸಿರಿನಲ್ಲಿ, ‘ಹಾಗಾದರೆ ನಿಮಗೆ ಲೋನ್ ಬೇಕಾ?’ ಎಂದಳು.

ಸಾವಿನ ಸುದ್ದಿಯೂ ಅವರ ಪಾಲಿಗೆ ಒಂದು ಕಾರಣ, ಪ್ರತಿ ಕಾರಣಕ್ಕೂ ಉತ್ತರ ಸಿದ್ಧವಿರುತ್ತದೆ. ಟೈಮಿಲ್ಲ ಅಂದರೆ ಸಂಜೆ ಎಷ್ಟಕ್ಕೆ ಮಾಡಲಿ ಎನ್ನುತ್ತಾರೆ. ದುಡ್ಡಿಲ್ಲ ಅಂದರೆ ಇಎಂಐ. ಯಜಮಾನರನ್ನು ಕೇಳಬೇಕು ಅಂದರೆ ಅವರ ನಂಬರ್ ಕೊಡಿ. ಆಮೇಲೆ ನಾನು ಕಾರಣ ಹೇಳುವುದನ್ನೇ ಬಿಟ್ಟೆ. ‘ಬೇಡ’ ಎಂದು ಇಟ್ಟುಬಿಡುತ್ತೇನೆ. ಬೈಯುವುದಿಲ್ಲ, ಆ ಕಡೆ ಇರುವವರು ಟಾರ್ಗೆಟ್ ಮುಟ್ಟಿಸಲು ಒದ್ದಾಡುವ ಹುಡುಗ ಹುಡುಗಿಯರು.

ಅಮ್ಮನಿಗೆ ಇದು ಕಷ್ಟ. ‘ಅಷ್ಟು ಮರ್ಯಾದೆಯಿಂದ ಮಾತಾಡ್ತಾರೆ ಕಣೇ, ಅರ್ಧಕ್ಕೆ ಹೇಗೆ ಇಡೋದು?’ ಮನೆ ಬಾಗಿಲಿಗೆ ಬಂದವರನ್ನು ಕೂರಿಸಿ ನೀರು ಕೊಟ್ಟೇ ಕಳಿಸಿದ ತಲೆಮಾರು ಅದು. ಈ ವ್ಯಾಪಾರ ನಿಂತಿರುವುದೇ ಆ ಸೌಜನ್ಯದ ಮೇಲೆ, ನನಗೆ ಸಿಟ್ಟು ಬರುವುದೂ ಅದಕ್ಕೇ. ಒಮ್ಮೆ ‘ನಿಮ್ಮ ಯಜಮಾನರ ಪಾಲಿಸಿಗೆ ಬೋನಸ್ ಬಂದಿದೆ, ಬಿಡಿಸಿಕೊಳ್ಳಲು ಸ್ವಲ್ಪ ಹಣ ಕಟ್ಟಿ’ ಎಂದು ಕರೆ ಬಂತು. ಅದು ಮಾರಾಟವಲ್ಲ, ಶುದ್ಧ ಮೋಸ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ತಾನು ಬೋನಸ್ ಘೋಷಿಸುವುದಿಲ್ಲ ಎಂದು ಜನರನ್ನು ಎಚ್ಚರಿಸುತ್ತಲೇ ಬಂದಿದೆ. ಇಂಥ ಕರೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯ ‘ಚಕ್ಷು’ವಿನಲ್ಲಿ ತಿಳಿಸಬಹುದು, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಒತ್ತಾಯಕ್ಕೆ ಮಣಿದು ಅಸಲಿ ಪಾಲಿಸಿಯನ್ನೇ ಕೊಂಡಿದ್ದರೆ, ಅದು ಕೈಸೇರಿದ 30 ದಿನದೊಳಗೆ ವಾಪಸು ಮಾಡುವ ಹಕ್ಕಿದೆ.

ಅಪ್ಪನ ನಂಬರು, ನನ್ನ ನಂಬರು ಎರಡರಿಂದಲೂ 1909ಕ್ಕೆ ಮೆಸೇಜ್ ಕಳಿಸಿ, ಮಾರಾಟದ ಕರೆ ತಡೆಯುವ ಡಿಎನ್‌ಡಿ ಮಾಡಿಸಿದೆ. ನೋಂದಾಯಿತ ಮಾರಾಟಗಾರರ, 140ರಿಂದ ಶುರುವಾಗುವ ಕರೆಗಳು ಕಡಿಮೆಯಾದವು. ಆದರೆ ನೋಂದಣಿ ಮಾಡಿಸದೆ ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಮಾರುವವರು ಡಿಎನ್‌ಡಿ ಪಟ್ಟಿ ನೋಡುವುದೇ ಇಲ್ಲ. ಬ್ಲಾಕ್ ಮಾಡಿದರೆ ನನಗೊಬ್ಬಳಿಗೆ ನೆಮ್ಮದಿ, ಪಕ್ಕದ ಮನೆಯವರಿಗೆ ಕಾಟ ತಪ್ಪಿದ್ದಲ್ಲ. ಹಾಗಾಗಿ ಬ್ಲಾಕ್ ಮಾಡುವ ಮೊದಲು ದೂರು ಕೊಡುತ್ತೇನೆ. ದೂರಸಂಪರ್ಕ ನಿಯಂತ್ರಕ ಟ್ರಾಯ್ 2025ರ ಫೆಬ್ರವರಿಯಲ್ಲಿ ನಿಯಮ ಬಿಗಿ ಮಾಡಿದ ಮೇಲೆ ಇದಕ್ಕೆ ಬಲ ಬಂದಿದೆ. ಕರೆ ಬಂದ 7 ದಿನದೊಳಗೆ 1909ಕ್ಕೆ ಅಥವಾ ಡಿಎನ್‌ಡಿ ಆ್ಯಪಿನಲ್ಲಿ ದೂರು ಕೊಡಬಹುದು. ಇಂಥ ನೋಂದಣಿಯಿಲ್ಲದವರ ಮೇಲಿನ ದೂರಿಗೆ ನೀವು ಡಿಎನ್‌ಡಿ ಮಾಡಿಸಿರಲೇಬೇಕೆಂದಿಲ್ಲ. ಒಬ್ಬರ ಮೇಲೆ 10 ದಿನದಲ್ಲಿ 5 ಜನರ ದೂರು ಬಿದ್ದರೆ ಮೊಬೈಲ್ ಕಂಪನಿ ಕ್ರಮಕ್ಕೆ ಮುಂದಾಗಬೇಕು. ತಪ್ಪು ಖಚಿತವಾದರೆ ಮೊದಲ ಸಲ 15 ದಿನ ಹೊರಹೋಗುವ ಕರೆ ಬಂದ್, ಮರುಕಳಿಸಿದರೆ ಒಂದು ವರ್ಷ ಎಲ್ಲ ಸಂಪರ್ಕವೂ ಕಡಿತ. ಬೇಕಾಗಿರುವುದು ಬರೀ ಐದು ಜನ.

ನಮ್ಮ ನಂಬರು ಈ ಮಾರುವವರಿಗೆ ಸಿಗುವ ದಾರಿಗಳಲ್ಲಿ ಅಂಗಡಿಯ ಬಿಲ್ ಕೌಂಟರೂ ಒಂದಿರಬಹುದು. ಮೊಬೈಲ್ ನಂಬರಿಗೆ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಯವರಿಗೆ ತಿಳಿಸಿದೆ. ನಾನೀಗ ಕೊಡುವುದಿಲ್ಲ. ಹಿಂದೆ ನಿಂತವರು ಅದನ್ನು ಕೇಳಿಸಿಕೊಳ್ಳಲಿ ಎಂದೇ ಸ್ವಲ್ಪ ಜೋರಾಗಿ ಹೇಳುತ್ತೇನೆ: ‘ನಂಬರ್ ಇಲ್ಲದೆ ಬಿಲ್ ಮಾಡಿ.’