ಕಂಪೈಲರ್ ಸುಮ್ಮನಿದ್ದರೆ ಒಪ್ಪಿದೆ ಎಂದಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದ ಈ ಸಲ ಬಂದ ಪತ್ರಗಳಲ್ಲಿ ಸಿ ಭಾಷೆಯ ಪಾಯಿಂಟರ್‌ಗಳದ್ದೇ ಮಾತು. ಅವುಗಳಲ್ಲಿ ಐದನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಕಾಲೇಜಿನ ಲ್ಯಾಬ್‌ನಲ್ಲಿ ಟರ್ಬೊ ಸಿ ಇದೆ. ಫಂಕ್ಷನ್ ಒಳಗೆ ಒಂದು ಅರೇ ಮಾಡಿ, ಅದರಲ್ಲಿ ಹೆಸರು ತುಂಬಿಸಿ, ಆ ಅರೇಯನ್ನೇ ರಿಟರ್ನ್ ಮಾಡಿದ್ದೆ. ಲ್ಯಾಬ್‌ನಲ್ಲಿ ಹೆಸರು ಸರಿಯಾಗಿ ಬಂತು. ಮನೆಯಲ್ಲಿ ಅಣ್ಣನ ಲ್ಯಾಪ್‌ಟಾಪಿನ ಜಿಸಿಸಿಗೆ ಕೊಟ್ಟರೆ ವಾರ್ನಿಂಗ್ ಬಂತು, ಓಡಿಸಿದರೆ ‘ಸೆಗ್ಮೆಂಟೇಶನ್ ಫಾಲ್ಟ್’. ಯಾವ ಕಂಪೈಲರ್ ಸರಿ ಸರ್?
– ಡಿಪ್ಲೊಮಾ ವಿದ್ಯಾರ್ಥಿ, ಧುಪದಾಳ

ಎರಡೂ ತಪ್ಪು ಮಾಡಿಲ್ಲ. ತಪ್ಪಿರುವುದು ಪ್ರೋಗ್ರ್ಯಾಮಿನಲ್ಲಿ. ಫಂಕ್ಷನ್ ಒಳಗಿನ ಸಾಮಾನ್ಯ ಅರೇ ಆ ಫಂಕ್ಷನ್ ಮುಗಿಯುವವರೆಗೆ ಮಾತ್ರ ಬದುಕಿರುತ್ತದೆ. ಮುಗಿದ ಮೇಲೆ ಅದರ ವಿಳಾಸ ಕೈಯಲ್ಲಿದ್ದರೂ ಜಾಗ ನಿಮ್ಮದಲ್ಲ. ಹೊಲ ಮಾರಿದ ಮೇಲೂ ಹಳೆಯ ಉತಾರ ಕಿಸೆಯಲ್ಲಿ ಉಳಿದಿದ್ದರೆ ಹೇಗೋ ಹಾಗೆ: ಸರ್ವೆ ನಂಬರ್ ಸರಿಯಾಗಿಯೇ ಇದೆ, ಹಕ್ಕು ಹೋಗಿದೆ. ಇಂಥ ಪಾಯಿಂಟರ್ ಬಳಸಿದರೆ ಏನಾಗಬೇಕು ಎಂಬುದನ್ನು ಸಿ ಭಾಷೆಯ ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಇದನ್ನೇ ‘ಅನ್‌ಡಿಫೈನ್ಡ್ ಬಿಹೇವಿಯರ್’ ಎನ್ನುತ್ತಾರೆ. 1989ರ ಮೊದಲ ಅಮೆರಿಕನ್ ಸ್ಟ್ಯಾಂಡರ್ಡಿನಿಂದ ಇಂದಿನವರೆಗೂ ನಿಲುವು ಇದೇ.

ಟರ್ಬೊ ಸಿ 1987ರಲ್ಲಿ ಬಂದದ್ದು, ಓಡುವುದು ಡಾಸ್ ಮೇಲೆ. ಡಾಸ್‌ನಲ್ಲಿ ಮೆಮೊರಿಗೆ ಕಾವಲೇ ಇಲ್ಲ. ಬೇರೊಂದು ಫಂಕ್ಷನ್ ಬಂದು ಆ ಜಾಗದ ಮೇಲೆ ಬರೆಯುವವರೆಗೂ ಹಳೆಯ ಅಕ್ಷರಗಳು ಅಲ್ಲೇ ಬಿದ್ದಿರುತ್ತವೆ. ನಿಮಗೆ ಕಂಡದ್ದು ಅವು. ಇನ್ನೆರಡು ಸಾಲು ಕೋಡ್ ಸೇರಿಸಿದ್ದರೆ ಲ್ಯಾಬ್‌ನಲ್ಲೂ ಕಸ ಪ್ರಿಂಟ್ ಆಗಬಹುದಿತ್ತು. ಪ್ರೋಗ್ರ್ಯಾಂ ಮುಗಿಯುವಾಗ ಟರ್ಬೊ ಸಿ ಕೆಲವೊಮ್ಮೆ ‘ನಲ್ ಪಾಯಿಂಟರ್ ಅಸೈನ್‌ಮೆಂಟ್’ ಎಂದು ಹೇಳುವುದನ್ನು ನೀವು ನೋಡಿರಬಹುದು. ಡೇಟಾ ಸೆಗ್ಮೆಂಟಿನ ಮೊದಲ ಕೆಲವು ಬೈಟ್‌ಗಳು ಬದಲಾಗಿವೆಯೇ ಎಂದು ಕೊನೆಯಲ್ಲಿ ನೋಡಿ ಕೊಡುವ ಸುದ್ದಿ ಅದು. ಅಷ್ಟರಲ್ಲಿ ಹಾನಿ ಆಗಿ ಹೋಗಿರುತ್ತದೆ.

ಜಿಸಿಸಿ ಇಲ್ಲಿ ನಿಮಗೆ ಉಪಕಾರವನ್ನೇ ಮಾಡಿದೆ. ಲೋಕಲ್ ಅರೇಯ ವಿಳಾಸವನ್ನು ನೇರವಾಗಿ ರಿಟರ್ನ್ ಮಾಡಿದರೆ ಅದು ವಾರ್ನಿಂಗ್ ಕೊಡುತ್ತದೆ, ಜೊತೆಗೆ ಆ ವಿಳಾಸದ ಬದಲು ನಲ್ ಅನ್ನೇ ಹಿಂದಿರುಗಿಸುತ್ತದೆ. ಆದ್ದರಿಂದ ತಪ್ಪು ಮುಚ್ಚಿಕೊಳ್ಳದೆ ಮೊದಲ ಓಟದಲ್ಲೇ ಬಯಲಾಗುತ್ತದೆ. ಕ್ಲಾಂಗ್ ಎಂಬ ಇನ್ನೊಂದು ಕಂಪೈಲರ್ ವಾರ್ನಿಂಗ್ ಕೊಟ್ಟು ವಿಳಾಸವನ್ನು ಹಾಗೇ ಬಿಡುತ್ತದೆ. ನಿಯಮವಿಲ್ಲದ ಕಡೆ ಎರಡೂ ನಡೆಗೆ ಅವಕಾಶವಿದೆ.

ಪರಿಹಾರ ಸುಲಭ: ಕರೆಯುವವರೇ ಅರೇ ಮಾಡಿ ಅದನ್ನೂ ಅದರ ಅಳತೆಯನ್ನೂ ಫಂಕ್ಷನ್‌ಗೆ ಕಳಿಸಲಿ. ಇಲ್ಲವೇ ‘ಮ್ಯಾಲಕ್’ ಮೂಲಕ ಜಾಗ ಪಡೆದು, ಅದನ್ನು ಬಿಡಿಸುವ ಹೊಣೆ ಯಾರದು ಎಂದು ಕಾಮೆಂಟಿನಲ್ಲಿ ಬರೆದಿಡಿ.

ಪಾಯಿಂಟರ್ ನಲ್ ಆಗಿದೆಯೇ ಎಂದು ಪರೀಕ್ಷಿಸುವ ಸಾಲು ನನ್ನ ಕೋಡಿನಲ್ಲಿದೆ. ಆಪ್ಟಿಮೈಸೇಶನ್ ಎರಡನೇ ಮಟ್ಟಕ್ಕೆ ಏರಿಸಿದಾಗ ಆ ಪರೀಕ್ಷೆ ಮೆಷಿನ್ ಕೋಡಿನಲ್ಲೇ ಇಲ್ಲ! ವಾರ್ನಿಂಗ್ ಕೂಡ ಬರಲಿಲ್ಲ. ಇದು ಜಿಸಿಸಿಯ ಬಗ್ ಅಲ್ಲವೇ?
– ಸಾಫ್ಟ್‌ವೇರ್ ಉದ್ಯೋಗಿ, ಗೋಕಾಕ

ಬಗ್ ಅಲ್ಲ. ಪರೀಕ್ಷೆಯ ಸಾಲಿಗಿಂತ ಮೇಲೆ ಅದೇ ಪಾಯಿಂಟರ್ ಮೂಲಕ ಏನನ್ನಾದರೂ ಓದಿದ್ದೀರಾ ನೋಡಿ. ಬಹುಶಃ ಓದಿದ್ದೀರಿ. ಕಂಪೈಲರ್ ತರ್ಕ ಹೀಗೆ ಸಾಗುತ್ತದೆ: ಇದರ ಮೂಲಕ ಆಗಲೇ ಓದಿಯಾಗಿದೆ, ನಲ್ ಮೂಲಕ ಓದುವುದಕ್ಕೆ ಭಾಷೆಯಲ್ಲಿ ಅರ್ಥವಿಲ್ಲ, ಹಾಗಾದರೆ ಇದು ನಲ್ ಅಲ್ಲ, ಮುಂದಿನ ಪರೀಕ್ಷೆ ಬೇಡ, ತೆಗೆಯೋಣ.

ಇದರಿಂದ ಎಂಥ ಅನಾಹುತ ಆಗಬಹುದು ಎಂಬುದು 2009ರ ಜುಲೈನಲ್ಲಿ ಲಿನಕ್ಸ್ ಕರ್ನಲ್‌ನಲ್ಲೇ ಕಂಡಿತು. ‘ಟನ್’ ಎಂಬ ನೆಟ್‌ವರ್ಕ್ ಡ್ರೈವರಿನ ಒಂದು ಫಂಕ್ಷನ್ ಮೊದಲು ಪಾಯಿಂಟರ್ ಮೂಲಕ ಓದಿ, ಆಮೇಲೆ ನಲ್ ಪರೀಕ್ಷೆ ಮಾಡುತ್ತಿತ್ತು. ಜಿಸಿಸಿ ಆ ಪರೀಕ್ಷೆಯನ್ನು ತೆಗೆದುಹಾಕಿತು. ಸೊನ್ನೆ ವಿಳಾಸದಲ್ಲಿ ತನಗೆ ಬೇಕಾದದ್ದನ್ನು ಇಡಬಲ್ಲ ಬಳಕೆದಾರ ಈ ಸಂದಿಯಿಂದ ನುಗ್ಗಿ ಇಡೀ ಯಂತ್ರದ ಹಿಡಿತ ಪಡೆಯಬಹುದಾಗಿತ್ತು. ಸಾಲುಗಳ ಕ್ರಮ ಬದಲಿಸಿ ಅದನ್ನು ಸರಿಪಡಿಸಿದರು. ನಲ್ ಪರೀಕ್ಷೆಗಳನ್ನು ತೆಗೆಯಬಾರದು ಎಂಬ ಆಯ್ಕೆಯನ್ನೂ ಕರ್ನಲ್ ಕಟ್ಟುವಾಗ ಜಿಸಿಸಿಗೆ ಕೊಡಲಾರಂಭಿಸಿದರು. ಇದರ ಹಿಂದಿನ ವರ್ಷ, 2008ರಲ್ಲಿ, ಪಾಯಿಂಟರಿಗೆ ಒಂದು ಅಳತೆ ಕೂಡಿಸಿ, ಮೊತ್ತ ಮೊದಲಿಗಿಂತ ಚಿಕ್ಕದಾಯಿತೇ ಎಂದು ನೋಡುವ ಭದ್ರತಾ ಪರೀಕ್ಷೆಗಳನ್ನೂ ಕಂಪೈಲರ್ ತೆಗೆದುಬಿಡುತ್ತದೆ ಎಂದು ಅಮೆರಿಕದ ಸರ್ಟ್ ಸಂಸ್ಥೆ ಎಚ್ಚರಿಸಿತ್ತು. ಪಾಯಿಂಟರ್ ತನ್ನ ಅರೇಯ ಆಚೆಗೆ ದಾಟುವುದೇ ನಿಯಮಬಾಹಿರ, ಆದ್ದರಿಂದ ಹಾಗೆ ಸುತ್ತಿ ಬರುವುದು ಸಾಧ್ಯವಿಲ್ಲ ಎಂದು ಕಂಪೈಲರ್ ಎಣಿಸುತ್ತದೆ.

ವಾರ್ನಿಂಗ್ ಏಕಿಲ್ಲ? ಮ್ಯಾಕ್ರೊಗಳು ಬಿಚ್ಚಿಕೊಂಡಾಗ, ಚಿಕ್ಕ ಫಂಕ್ಷನ್‌ಗಳು ಕರೆದ ಜಾಗದಲ್ಲೇ ಸೇರಿಕೊಂಡಾಗ ಒಂದೇ ಪಾಯಿಂಟರಿನ ಪರೀಕ್ಷೆ ಹತ್ತು ಕಡೆ ಬರುತ್ತದೆ. ಅದರಲ್ಲಿ ಒಂಬತ್ತನ್ನು ತೆಗೆಯುವುದು ನಿರಪಾಯ, ಪ್ರೋಗ್ರ್ಯಾಮಿನ ವೇಗಕ್ಕೂ ಬೇಕಾದದ್ದು. ತೆಗೆದಾಗಲೆಲ್ಲ ಕೂಗಿ ಹೇಳಿದರೆ ಆ ರಾಶಿಯಲ್ಲಿ ನಿಜವಾದ ಅಪಾಯ ಯಾರ ಕಣ್ಣಿಗೂ ಬೀಳದು. ಅಪಾಯದವನ್ನಷ್ಟೇ ಆರಿಸಲು 2013ರಲ್ಲಿ ಎಂಐಟಿಯ ಸಂಶೋಧಕರು ‘ಸ್ಟ್ಯಾಕ್’ ಎಂಬ ಪ್ರತ್ಯೇಕ ಸಾಧನವನ್ನೇ ಕಟ್ಟಬೇಕಾಯಿತು. ನಿಮ್ಮ ಮಟ್ಟಿಗೆ ನಿಯಮ ಒಂದೇ: ಪರೀಕ್ಷೆ ಮೊದಲು, ಬಳಕೆ ಆಮೇಲೆ.

ಕಬ್ಬಿನ ಹೊಲದ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಬೋರ್ಡ್ ಮಾಡಿಕೊಡುತ್ತೇನ್ರೀ. ನಲ್ ಪಾಯಿಂಟರ್ ಬಳಸಿದರೆ ಕಂಪ್ಯೂಟರಿನಲ್ಲಿ ಪ್ರೋಗ್ರ್ಯಾಂ ನಿಂತು ಹೋಗತೈತಿ. ಬೋರ್ಡಿನ್ಯಾಗ ಏನೂ ಆಗೂದಿಲ್ಲ. ಹಂಗಾದ್ರ ಬೋರ್ಡಿನ್ಯಾಗ ಚಿಂತಿ ಇಲ್ಲೇನ್ರೀ?
– ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಮೂಡಲಗಿ

ಅಲ್ಲೇ ಹೆಚ್ಚು ಚಿಂತೆ ಮಾಡಬೇಕು. ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಂ ಸೊನ್ನೆ ವಿಳಾಸದ ಪುಟವನ್ನು ಖಾಲಿ ಬಿಟ್ಟು ಕಾಯುತ್ತದೆ, ಮುಟ್ಟಿದ ಕೂಡಲೇ ಪ್ರೋಗ್ರ್ಯಾಂ ನಿಲ್ಲಿಸುತ್ತದೆ. ಚಿಕ್ಕ ಮೈಕ್ರೊಕಂಟ್ರೋಲರಿನಲ್ಲಿ ಸೊನ್ನೆಯೂ ನಿಜವಾದ ವಿಳಾಸವೇ. ಎಆರ್‌ಎಂ ಕಾರ್ಟೆಕ್ಸ್-ಎಂ ಜಾತಿಯ ಅನೇಕ ಚಿಪ್‌ಗಳಲ್ಲಿ ಅಲ್ಲಿರುವುದು ವೆಕ್ಟರ್ ಟೇಬಲ್. ಅದರ ಮೊದಲ ಪದ ಸ್ಟ್ಯಾಕ್ ಎಲ್ಲಿಂದ ಶುರು ಎಂಬ ಸಂಖ್ಯೆ. ನಲ್ ಮೂಲಕ ಓದಿದರೆ ಆ ಸಂಖ್ಯೆ ಬರುತ್ತದೆ. ನಿಮ್ಮ ಕೋಡ್ ಅದನ್ನು ವೋಲ್ಟೇಜೋ ಸಮಯವೋ ಎಂದು ನಂಬಿ ಮುಂದೆ ಹೋಗುತ್ತದೆ.

ಆರ್ಡುಯಿನೊ ಊನೊದ ಎವಿಆರ್ ಚಿಪ್ಪಿನಲ್ಲಿ ಇನ್ನೂ ವಿಚಿತ್ರ. ಅಲ್ಲಿ ಡೇಟಾ ವಿಳಾಸ 0ರಿಂದ 31ರವರೆಗೆ ಇರುವುದು ಪ್ರೊಸೆಸರಿನ 32 ರಿಜಿಸ್ಟರ್‌ಗಳೇ. ನಲ್ ಮೂಲಕ ಎರಡು ಬೈಟಿನ ಪೂರ್ಣಾಂಕ ಬರೆದರೆ ಮೊದಲೆರಡು ರಿಜಿಸ್ಟರ್ ಕೆಡುತ್ತವೆ. ಎರಡನೆಯದರಲ್ಲಿ ಯಾವಾಗಲೂ ಸೊನ್ನೆ ಇದೆ ಎಂದು ನಂಬಿಯೇ ಜಿಸಿಸಿ ಉಳಿದ ಕೋಡನ್ನೆಲ್ಲ ಬರೆದಿರುತ್ತದೆ. ಆ ನಂಬಿಕೆ ಮುರಿದರೆ, ತಪ್ಪಿಗೆ ಸಂಬಂಧವೇ ಇಲ್ಲದ ಕಡೆ ಲೆಕ್ಕ ತಪ್ಪುತ್ತದೆ. ರಾತ್ರಿ ಕರೆಂಟ್ ಬಂದಾಗ ಮೋಟಾರು ತಾನಾಗಿ ಚಾಲೂ ಆದರೆ ಹುಡುಕುವುದೆಲ್ಲಿ?

ಸೊನ್ನೆ ವಿಳಾಸಕ್ಕೆ ಅರ್ಥವಿರುವುದರಿಂದ ಎವಿಆರ್ ಮತ್ತು ಎಂಎಸ್‌ಪಿ430 ಚಿಪ್‌ಗಳಿಗೆ ಕಂಪೈಲ್ ಮಾಡುವಾಗ ಜಿಸಿಸಿ ನಲ್ ಪರೀಕ್ಷೆ ತೆಗೆಯುವ ಕೆಲಸವನ್ನು ಪೂರ್ತಿ ಬಿಟ್ಟುಬಿಡುತ್ತದೆ. ಎಆರ್‌ಎಂಗೆ ಹಾಗಲ್ಲ, ಗೋಕಾಕದ ಪತ್ರದಲ್ಲಿದ್ದ ತೊಂದರೆ ಅಲ್ಲಿಯೂ ಬರುತ್ತದೆ. ನನ್ನ ಸಲಹೆ: ಮೋಟಾರು, ಸಿಮ್, ಸೆನ್ಸರ್ ಮುಟ್ಟುವ ಭಾಗವನ್ನು ಬೇರೆ ಇಡಿ. ಯಾವಾಗ ಚಾಲೂ, ಯಾವಾಗ ಬಂದ್ ಎಂದು ನಿರ್ಧರಿಸುವ ಕೋಡನ್ನು ಕಂಪ್ಯೂಟರಿನಲ್ಲೇ ಓಡಿಸಿ ಪರೀಕ್ಷಿಸಿ, ಆಮೇಲೆ ಬೋರ್ಡಿಗೆ ಹಾಕಿ.

ಮೊದಲ ವರ್ಷದ ಮಕ್ಕಳಿಗೆ ಸಿ ಕಲಿಸುತ್ತೇನೆ. ವಿಟಿಯು ಪರೀಕ್ಷೆಗೆ ಉತ್ತರ ಸರಿ ಬಂದರೆ ಸಾಕು ಎಂದು ಅವರು ವಾರ್ನಿಂಗ್ ಓದುವುದೇ ಇಲ್ಲ. ಲ್ಯಾಬ್‌ನಲ್ಲಿ ಯಾವ ಯಾವ ಎಚ್ಚರಿಕೆಗಳನ್ನು ಕಡ್ಡಾಯ ಮಾಡಬಹುದು?
– ಉಪನ್ಯಾಸಕಿ, ಹುಕ್ಕೇರಿ

ಮೂರು ಹಂತ ಮಾಡಿ ಮೇಡಂ.

ಮೊದಲನೆಯದು, ‘ಡಬ್ಲ್ಯೂ-ಆಲ್’ ಮತ್ತು ‘ಡಬ್ಲ್ಯೂ-ಎಕ್ಸ್‌ಟ್ರಾ’ ಆಯ್ಕೆಗಳು, ಜೊತೆಗೆ ಎರಡನೇ ಮಟ್ಟದ ಆಪ್ಟಿಮೈಸೇಶನ್. ಆಪ್ಟಿಮೈಸೇಶನ್ ಏಕೆಂದರೆ, ಮೌಲ್ಯ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಜಿಸಿಸಿ ಸರಿಯಾಗಿ ಹಿಂಬಾಲಿಸುವುದು ಆಗಲೇ. ಧುಪದಾಳದ ವಿದ್ಯಾರ್ಥಿ ಅರೇಯ ವಿಳಾಸವನ್ನು ಮೊದಲು ಇನ್ನೊಂದು ಪಾಯಿಂಟರಿನಲ್ಲಿಟ್ಟು ಅದನ್ನು ರಿಟರ್ನ್ ಮಾಡಿದ್ದರೆ, ಆಪ್ಟಿಮೈಸೇಶನ್ ಇಲ್ಲದ ಜಿಸಿಸಿ ಸುಮ್ಮನಿರುತ್ತಿತ್ತು. 2022ರ ಜಿಸಿಸಿ 12ರಿಂದ, ಬಿಡಿಸಿದ ಜಾಗದ ಬಳಕೆ ಮತ್ತು ಸತ್ತ ವೇರಿಯಬಲ್ಲಿನ ವಿಳಾಸ ಎರಡಕ್ಕೂ ವಾರ್ನಿಂಗ್ ‘ಡಬ್ಲ್ಯೂ-ಆಲ್’ನಲ್ಲೇ ಸೇರಿದೆ. ನಲ್ ಬಳಕೆಯ ವಾರ್ನಿಂಗ್ ಮಾತ್ರ ಸೇರಿಲ್ಲ. ‘ಡಬ್ಲ್ಯೂ-ನಲ್-ಡಿರೆಫರೆನ್ಸ್’ ಎಂದು ಅದನ್ನು ಬೇರೆಯಾಗಿಯೇ ಕೇಳಬೇಕು.

ಎರಡನೆಯದು ‘ಎಫ್-ಅನಲೈಸರ್’, 2020ರ ಜಿಸಿಸಿ 10ರಲ್ಲಿ ಬಂದದ್ದು. ತಪ್ಪಿನ ಕಡೆಗೆ ಹೋಗುವ ದಾರಿಯನ್ನು ಅದು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ: ಇಲ್ಲಿ ಜಾಗ ಪಡೆದಿರಿ, ಇಲ್ಲಿ ಬಿಡಿಸಿದಿರಿ, ಇಲ್ಲಿ ಮತ್ತೆ ಬಳಸಿದಿರಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೂರನೆಯದು ಓಡುವಾಗಿನ ಪರೀಕ್ಷೆ, ‘ಅಡ್ರೆಸ್ ಸ್ಯಾನಿಟೈಸರ್’. ಗೂಗಲ್‌ನ ಎಂಜಿನಿಯರ್‌ಗಳು ಕಟ್ಟಿ 2012ರಲ್ಲಿ ಪ್ರಕಟಿಸಿದ ಇದು ಜಿಸಿಸಿ, ಕ್ಲಾಂಗ್ ಎರಡರಲ್ಲೂ ಇದೆ. ಪ್ರೋಗ್ರ್ಯಾಮಿನ ಪ್ರತಿ 8 ಬೈಟ್ ಮೆಮೊರಿಗೆ 1 ಬೈಟಿನ ದಾಖಲೆ ಇಟ್ಟುಕೊಂಡು, ಪ್ರತಿ ಓದು, ಪ್ರತಿ ಬರಹದ ಮುಂಚೆ ಆ ಜಾಗ ಮುಟ್ಟಬಹುದೇ ಎಂದು ನೋಡುತ್ತದೆ. ಅರೇಗಳ ಅಕ್ಕಪಕ್ಕ ಮುಟ್ಟಬಾರದ ಪಟ್ಟಿಗಳನ್ನು ಬಿಡುತ್ತದೆ. ಬಿಡಿಸಿದ ಜಾಗವನ್ನು ಕೂಡಲೇ ಮರುಬಳಕೆಗೆ ಕೊಡದೆ ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಇದರ ಜೊತೆ ‘ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್’ ಹಾಕಿದರೆ ನಲ್ ಬಳಕೆ, ಅಲೈನ್‌ಮೆಂಟ್ ತಪ್ಪಿದ ವಿಳಾಸ ಇವೂ ಸಿಗುತ್ತವೆ. ಒಂದು ಮಿತಿಯನ್ನು ಮಕ್ಕಳಿಗೆ ಹೇಳಲೇಬೇಕು: ಈ ಸಾಧನಗಳಿಗೆ ಕಾಣುವುದು ಓಡಿದ ದಾರಿ ಮಾತ್ರ. ಇನ್‌ಪುಟ್ ಬದಲಿಸಿ ಬದಲಿಸಿ ಓಡಿಸಬೇಕು. ಒಂದು ವಾರ್ನಿಂಗ್ ಇದ್ದರೂ ಲ್ಯಾಬ್ ರೆಕಾರ್ಡಿಗೆ ಸಹಿ ಹಾಕುವುದಿಲ್ಲ ಎಂದು ಹೇಳಿ ನೋಡಿ, ಓದುವ ಅಭ್ಯಾಸ ತಾನಾಗಿ ಬರುತ್ತದೆ.

ಇಷ್ಟೆಲ್ಲ ಸಾಧನ ಇದ್ದರೂ ಕಂಪೈಲರ್ ಎಲ್ಲ ಪಾಯಿಂಟರ್ ತಪ್ಪುಗಳನ್ನೂ ಮೊದಲೇ ಹಿಡಿಯಲು ಏಕೆ ಆಗುವುದಿಲ್ಲ? ಮುಂದೆ ಆಗಬಹುದೇ?
– ಬಿಇ ವಿದ್ಯಾರ್ಥಿನಿ, ಘಟಪ್ರಭಾ

ಸಿ ಭಾಷೆ ಈಗಿರುವಂತೆ ಇರುವವರೆಗೆ ಆಗದು. ಯಾವುದೇ ಪ್ರೋಗ್ರ್ಯಾಂ ನಿಲ್ಲುತ್ತದೆಯೇ ಇಲ್ಲವೇ ಎಂದು ಹೇಳಬಲ್ಲ ಸಾರ್ವತ್ರಿಕ ವಿಧಾನವಿಲ್ಲ ಎಂದು ಅಲನ್ ಟ್ಯೂರಿಂಗ್ 1936ರಲ್ಲಿ ತೋರಿಸಿದರು. ಎರಡು ಪಾಯಿಂಟರ್ ಒಂದೇ ಜಾಗವನ್ನು ತೋರಿಸುತ್ತವೆಯೇ ಎಂಬ ಪ್ರಶ್ನೆಯೂ ಅದೇ ಸಾಲಿನದು ಎಂದು ಜಿ. ರಾಮಲಿಂಗಂ 1994ರಲ್ಲಿ ಸಾಧಿಸಿದರು. ಅವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಕೆಲಸ ಮಾಡಿದವರು. ಹಾಗಾಗಿ ಕಂಪೈಲರ್ ಮುಂದೆ ಎರಡೇ ದಾರಿ: ಅನುಮಾನವಿದ್ದಲ್ಲೆಲ್ಲ ಎಚ್ಚರಿಸಿ ಬೇಸರ ತರಿಸುವುದು, ಇಲ್ಲವೇ ಸಾಕಷ್ಟು ಖಚಿತವಾದಾಗ ಮಾತ್ರ ಎಚ್ಚರಿಸಿ ಉಳಿದದ್ದನ್ನು ಬಿಡುವುದು. ಜಿಸಿಸಿ, ಕ್ಲಾಂಗ್ ಹೆಚ್ಚಾಗಿ ಹಿಡಿದಿರುವುದು ಎರಡನೆಯದನ್ನು. 2015ರಲ್ಲಿ 1.0 ಆವೃತ್ತಿಗೆ ಬಂದ ರಸ್ಟ್ ಭಾಷೆ ಮೂರನೆಯದೊಂದನ್ನು ಹುಡುಕಿತು. ಜಾಗದ ಒಡೆತನ ಯಾರದು, ಎರವಲು ಎಲ್ಲಿಯವರೆಗೆ ಎಂಬುದು ಅಲ್ಲಿ ಭಾಷೆಯ ನಿಯಮ. ಅದು ಸ್ಪಷ್ಟವಾಗದ ಪ್ರೋಗ್ರ್ಯಾಂ ಸರಿಯಾದದ್ದೇ ಆಗಿದ್ದರೂ ತಿರಸ್ಕೃತ.

ಆಸಕ್ತಿ ಇದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಅವರ ಕಂಪೈಲರ್ ಉಪನ್ಯಾಸಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ. ಅವರೂ ಪ್ರೀತಿ ಶಂಕರ್ ಅವರೂ ಸಂಪಾದಿಸಿದ ಕಂಪೈಲರ್ ಕೈಪಿಡಿ 2002ರಲ್ಲಿ ಬಂದಿದೆ. ಓದುತ್ತ ಹೋದಂತೆ ಒಂದು ಮಾತು ಮನವರಿಕೆಯಾಗುತ್ತದೆ: ಪಾಯಿಂಟರ್ ಬಳಸಿದ ಪ್ರತಿ ಸಾಲೂ ‘ಈ ಜಾಗ ಇದೆ, ಜೀವಂತವಾಗಿದೆ, ನನ್ನದು’ ಎಂದು ನೀವು ಕಂಪೈಲರಿಗೆ ಕೊಟ್ಟ ಮಾತು. ಅದನ್ನು ನಂಬಿಯೇ ಅದು ವೇಗದ ಕೋಡ್ ಬರೆಯುತ್ತದೆ. ಮಾತು ಉಳಿಸಿಕೊಳ್ಳುವ ಹೊಣೆ ಬರೆದವರದು. ವಾರ್ನಿಂಗ್‌ಗಳು ನೆನಪಿಸಬಲ್ಲವು, ಆ ಹೊಣೆಯನ್ನು ಹೊರಲಾರವು.